ಅಲುಗಾಡದ ಕೋಲು

ಹಿಮಾಲಯದ ಶಿಖರವೊಂದರ ನಿಜವಾದ ಎತ್ತರವನ್ನು ಮತ್ತೆ ಅಳೆಯುತ್ತಿದ್ದಾರಂತೆ. ಮೊಬೈಲಿನಲ್ಲಿ ಆ ಸುದ್ದಿಯ ಫೋಟೋ, ಅದರಲ್ಲಿ ಮೂರು ಕಾಲಿನ ದುರ್ಬೀನು. ನೋಡಿದೊಡನೆ ಅಪ್ಪ ನೆನಪಾದ.

ನಾನು ಚಿಕ್ಕವಳಿದ್ದಾಗ, ಸುರಪುರದ ಕಡೆಯ ನಮ್ಮೂರ ಗುಡ್ಡ ಅಳೆಯಲು ಸರ್ವೆ ಸಾಹೇಬ ಬಂದಾಗ ಅಳತೆಕೋಲು ಹಿಡಿಯುವ ಕೂಲಿ ನಮ್ಮಪ್ಪನದು. "ನಾ ಕೈ ಬೀಸೂತನಕ ಅಲುಗಾಡಬ್ಯಾಡ" ಎಂದು ಸಾಹೇಬನ ಹುಕುಂ. ಗುಡ್ಡದ ನೆತ್ತಿಯೆಂದರೆ ಗುಡಿಯ ಕಟ್ಟೆ. ಅದನ್ನು ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ.

"ಸಾಹೇಬ್ರ, ಅಲ್ಲಿ ನಾವು ಹತ್ತಂಗಿಲ್ರಿ."

"ಸರ್ಕಾರದ ಕೆಲಸ ಐತಿ, ಹತ್ತಲೇ."

ಅಪ್ಪ ಹತ್ತಿ ನಿಂತ.

ರೊಟ್ಟಿ ತಂದಿದ್ದ ನನ್ನನ್ನು ಸಾಹೇಬ ಕರೆದ. "ಬಾರವ್ವಾ, ನಿಮ್ಮಪ್ಪನ್ನ ನೋಡು." ಆಗಿನ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗೆ ಕಾಣುತ್ತಿತ್ತು. ಅಪ್ಪ ತಲೆಯ ಮೇಲೆ ನಿಂತಿದ್ದ. ಊರಗೌಡನ ಮಗ ಓಡಿಬಂದ, ಅವನೂ ತಲೆಕೆಳಗೆ. ಕಾಲಿನ ಚಪ್ಪಲಿ ಕೈಗೆ ಬಂತು, ಅಪ್ಪನ ಮೇಲೆ ಕುಣಿಯಿತು. ಗುಡ್ಡದ ಗಾಳಿಯಲ್ಲಿ ದನಿ ಕೇಳುತ್ತಿರಲಿಲ್ಲ. ನಾನು ಅದನ್ನು ಆಟವೆಂದುಕೊಂಡು ಕೇಕೆ ಹಾಕಿ ನಕ್ಕೆ.

ಸಾಹೇಬ ನನ್ನನ್ನು ಸರಿಸಿ ಕಣ್ಣಿಟ್ಟ. ಎಲ್ಲ ನೋಡಿದ. ಅಂಕಿ ಓದಿದ, ಬರೆದುಕೊಂಡ, ಮತ್ತೊಮ್ಮೆ ಓದಿ ತಾಳೆ ನೋಡಿದ. ಆಮೇಲೆ ಕೈ ಬೀಸಿದ.

ಅಪ್ಪನ ಊದಿದ ಮುಖ ಕಂಡಾಗಲೇ ನನಗೆ ತಿಳಿದದ್ದು. "ಯಾಕ ಓಡಲಿಲ್ಲ ಯಪ್ಪಾ?" ಎಂದು ಅಳುತ್ತ ಕೇಳಿದೆ.

"ಸಾಹೇಬ ಕೈ ಬೀಸಿರಲಿಲ್ಲವ್ವಾ. ನನಗ ಹೊಡಿಯೂದು ನೀ ನೋಡಿದೇನು?"

"ಇಲ್ಲ" ಎಂದೆ.

ಈಗ ಗುಡ್ಡದ ಎತ್ತರ ಬೋರ್ಡಿನ ಮೇಲಿದೆ. ಜನ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆ ಅಂಕಿ ಒಂದು ನೂಲೂ ತಪ್ಪಿಲ್ಲವೆಂದು ನಾನು ಆಣೆ ಮಾಡಿ ಹೇಳಬಲ್ಲೆ.