ದೊಡ್ಡಿಯ ಕುರುಡನೂ ಮೊಲದ ಕೊನೆಯ ಸುತ್ತೂ

ತೆಲೆಸ್ಫೊರೊಗೆ ಎರಡು ಕಣ್ಣೂ ನೆಟ್ಟಗಿದ್ದವು. ಎಪ್ಪತ್ತು ದಾಟಿದ ಮೇಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದ. ಆದರೂ ಬೊಕಾ ಸಲಾದಾ ಊರಿಗೆ ಊರೇ ಅವನನ್ನು ಕರೆಯುತ್ತಿದ್ದದ್ದು ಕುರುಡ ಎಂದು. ಮಕ್ಕಳಿಗೆ ಅವನು ಕುರುಡಜ್ಜ. ಪಾದ್ರಿಗಳು ಕೂಡ ಒಂದು ಭಾನುವಾರ ಬಾಯಿತಪ್ಪಿ ಹಾಗೆಯೇ ಕರೆದು ಆಶೀರ್ವಾದ ಮಾಡಿ, ಆಮೇಲೆ ಸುಮ್ಮನೆ ಕೆಮ್ಮಿದರು. ಇಷ್ಟಕ್ಕೆಲ್ಲ ಕಾರಣ ಅವನು ಹರೆಯದಲ್ಲಿ ಅಂಪೈರಾಗಿ ಕೊಟ್ಟ ಒಂದೇ ಒಂದು ಔಟು.

ಔಟು ಕೊಟ್ಟಿದ್ದು ದೊಡ್ಡಿಯಲ್ಲಿ. ಊರಿನ ಬೇಸ್‌ಬಾಲ್ ಮೈದಾನಕ್ಕೆ ಜನ ಇಟ್ಟ ಹೆಸರು ಅದು. ಸರ್ಕಾರ ಇಟ್ಟ ಹೆಸರುಗಳು ಬೇರೆ ಇವೆ, ಆದರೆ ಸರ್ಕಾರ ಬದಲಾದ ಹಾಗೆ ಅವೂ ಬದಲಾಗಿ ಬದಲಾಗಿ ಈಗ ಗೋಡೆಯ ಮೇಲೆ ಸುಣ್ಣ ಎಷ್ಟಿದೆಯೋ ಬಣ್ಣವೂ ಅಷ್ಟೇ ಇದೆ, ಹೆಸರು ಮಾತ್ರ ಯಾವುದೂ ಓದಲಿಕ್ಕೆ ಬರುವುದಿಲ್ಲ. ಮೊದಲು ಅಲ್ಲಿ ಸಕ್ಕರೆ ಮಿಲ್ಲಿನ ಎತ್ತುಗಳನ್ನು ಕಟ್ಟುತ್ತಿದ್ದರು. ಆಮೇಲೆ ಒಬ್ಬ ಮಹಾಶಯ ಬಂದೂಕು ಹಿಡಿದು ದೇಶ ಆಳಲು ಬಂದ. ಎತ್ತುಗಳನ್ನು ಓಡಿಸಿ, ಸಿಮೆಂಟಿನ ಮೆಟ್ಟಿಲು ಕಟ್ಟಿಸಿ, ತನ್ನ ತಾಯಿಯ ಹೆಸರಿಟ್ಟು, ವರ್ಷಕ್ಕೊಮ್ಮೆ ಅದೇ ಮೆಟ್ಟಿಲ ಮೇಲೆ ಜನರನ್ನು ಬಿಸಿಲಲ್ಲಿ ಕೂರಿಸಿ ಚಪ್ಪಾಳೆ ಹೊಡೆಸಿಕೊಂಡ. ಅವನು ಗುಂಡೇಟಿಗೆ ಸತ್ತ ಮಾರನೆಯ ದಿನ ಅದೇ ಜನ ಅದೇ ಮೆಟ್ಟಿಲ ಮೇಲೆ ಕೂತು ರಮ್ ಕುಡಿದು ಚಪ್ಪಾಳೆ ಹೊಡೆದರು. ದೊಡ್ಡಿ ಎರಡನ್ನೂ ಸಹಿಸಿಕೊಂಡಿತು.

ತೆಲೆಸ್ಫೊರೊ ಹುಟ್ಟಿದ್ದೂ ಅಲ್ಲೇ. ಚಂಡಮಾರುತಕ್ಕೆ ಊರಿನ ತಗಡೆಲ್ಲ ಹಾರಿಹೋದಾಗ ಜನ, ಆಡು, ಕೋಳಿ ಎಲ್ಲ ಮೆಟ್ಟಿಲ ಕೆಳಗೆ ಸೇರಿಕೊಂಡಿದ್ದವು. ಅವನ ತಾಯಿ ಆ ಗದ್ದಲದ ನಡುವೆಯೇ ಹೆತ್ತಳು. ಅವನು ಕಾಸಿಲ್ದಾಳನ್ನು ಮೊದಲು ನೋಡಿದ್ದೂ ದೊಡ್ಡಿಯಲ್ಲಿ, ಕಬ್ಬಿನ ರಾಣಿಯ ಸ್ಪರ್ಧೆಯ ದಿನ. ಅವಳು ಸ್ಪರ್ಧೆಗೆ ನಿಂತಿರಲಿಲ್ಲ. ಸ್ಪರ್ಧೆಗೆ ನಿಂತವರ ಮೂಗು, ಸೊಂಟ, ನಡಿಗೆಗಳನ್ನು ಮೆಟ್ಟಿಲ ಮೇಲಿನಿಂದ ಗಟ್ಟಿಯಾಗಿ ಆಡಿಕೊಳ್ಳುತ್ತಿದ್ದಳು. ರಾಣಿಯಾದವಳು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಮದುವೆಯೂ ಅಲ್ಲೇ ಆಯಿತು, ಇಗರ್ಜಿಯ ಮಾಡು ಆ ವರ್ಷ ಸೋರುತ್ತಿತ್ತು. ಹೊರ ಊರಿನ ಸುವಾರ್ತೆಯವರು ಅದೇ ಮೈದಾನದಲ್ಲಿ ಕುಂಟರನ್ನು ನಡೆಸಿದ್ದು, ವೋಟಿನ ಡಬ್ಬಿಗಳು ಬಂದದ್ದಕ್ಕಿಂತ ಹೆಚ್ಚಾಗಿ ಹೊರಬಿದ್ದದ್ದು, ಸರ್ಕಸ್ಸಿನ ಮುದಿ ಸಿಂಹ ನಟ್ಟನಡುವೆ ಮಲಗಿ ಎಷ್ಟು ಹೊಡೆದರೂ ಏಳದೆ ಇದ್ದದ್ದು, ಇವನ್ನೆಲ್ಲ ಅವನು ಕಣ್ಣಾರೆ ಕಂಡಿದ್ದ. ಕಂಡದ್ದನ್ನು ಕಂಡ ಹಾಗೆ ಹೇಳುವ ಕೆಟ್ಟ ಚಟ ಅವನಿಗಿತ್ತು. ಮಿಲ್ಲಿನಲ್ಲಿ ಕಬ್ಬು ತೂಗುವ ಕೆಲಸ ಹೋದದ್ದು ಆ ಚಟದಿಂದ, ಅಂಪೈರ್ ಆದದ್ದೂ ಆ ಚಟದಿಂದ.

ಇನ್ನು ಆ ಔಟಿನ ಕತೆ. ಬೊಕಾ ಸಲಾದಾಕ್ಕೂ ಆಚೆ ಊರಿನ ಮಿಲ್ಲಿನವರಿಗೂ ಫೈನಲ್. ಆಟ ಸಮಸಮವಾಗಿ ನಿಂತಿತ್ತು. ಮೂರನೆಯ ಮೂಲೆಯಿಂದ ಓಡಿ ಬಂದವನು ಎವಾರಿಸ್ತೊ, ಕಾಸಿಲ್ದಾಳ ಒಬ್ಬನೇ ತಮ್ಮ. ಊರಲ್ಲಿ ಅವನನ್ನು ಮೊಲ ಎನ್ನುತ್ತಿದ್ದರು. ಮೂರು ಮೂಲೆ ಸುತ್ತಿದವನು ಕೊನೆಗೆ ಓಟ ಶುರುವಾದ ಜಾಗದಲ್ಲೇ ನೆಲಕ್ಕೆ ಹೂತ ಬಿಳಿ ಹಲಗೆ ಮುಟ್ಟಬೇಕು; ಮುಟ್ಟಿದರೆ ಕಪ್ ಊರಿಗೆ. ಹಲಗೆಗೆ ಅಡ್ಡವಾಗಿ ಆಚೆ ಮಿಲ್ಲಿನ ಕ್ಯಾಚರ್ ಬಾಲ್ದೊಮೆರೊ, ಕುಳಿತರೆ ಬಾಗಿಲು ಮುಚ್ಚಿದಂತಾಗುವ ಮನುಷ್ಯ, ಚೆಂಡು ಹಿಡಿದು ಕಾದಿದ್ದ. ಮೊಲ ಅವನ ತಲೆಯ ಮೇಲಿಂದಲೇ ಹಾರಿದ. ಅಂಥ ಹಾರಾಟವನ್ನು ಊರು ಅದುವರೆಗೆ ಕಂಡಿರಲಿಲ್ಲ, ಆದ್ದರಿಂದ ಎಲ್ಲರೂ ಹಾರಿದವನನ್ನೇ ನೋಡಿದರು. ತೆಲೆಸ್ಫೊರೊ ಒಬ್ಬ ಅವನ ಕಾಲನ್ನು ನೋಡಿದ. ಕಾಲು ಹಲಗೆಯನ್ನು ದಾಟಿ ಗೇಣು ಆಚೆ ಬಿತ್ತು. ಮುಟ್ಟಲಿಲ್ಲ.

ಮುಟ್ಟದೆ ದಾಟಿದವನ ವಿಷಯದಲ್ಲಿ ಅಂಪೈರ್ ಬಾಯಿ ಬಿಡುವಂತಿಲ್ಲ, ಕೈ ಆಡಿಸುವಂತಿಲ್ಲ, ಹುಬ್ಬು ಕೂಡ ಹಾರಿಸುವಂತಿಲ್ಲ. ಓಡಿದವನು ತಾನಾಗಿ ತಿರುಗಿ ಬಂದು ಮುಟ್ಟಿದರೆ ಸೇಫ್. ಅಷ್ಟರೊಳಗೆ ಎದುರಾಳಿ ಚೆಂಡು ಹಿಡಿದ ಕೈಯಿಂದ ಅವನನ್ನು ಮುಟ್ಟಿದರೆ ಔಟ್. ತೆಲೆಸ್ಫೊರೊ ಕಂಬದಂತೆ ನಿಂತ. 'ಬಾರೋ, ತಿರುಗಿ ಬಾರೋ ಮುಠ್ಠಾಳ' ಎಂದು ಮನಸ್ಸಿನಲ್ಲೇ ಕನ್ಯಾಮಾತೆಗೆ ಹರಕೆ ಹೊತ್ತ. ಮೊಲ ಅಲ್ಲೇ ಅಂಗಿ ಬಿಚ್ಚಿ ಸೊಂಟ ಕುಣಿಸುತ್ತಿದ್ದ. ಬಾಲ್ದೊಮೆರೊ ಅಂಪೈರನ ಸುಮ್ಮನಿದ್ದ ಮುಖ ನೋಡಿದ, ಹಲಗೆ ನೋಡಿದ, ಎದ್ದು ಹೋಗಿ ಕುಣಿಯುವವನ ಬೆನ್ನಿಗೆ ಮೆತ್ತಗೆ ಚೆಂಡು ತಾಗಿಸಿದ. ತೆಲೆಸ್ಫೊರೊ ಮುಷ್ಟಿ ಎತ್ತಿದ. ಔಟ್.

ಆ ದಿನ ಅವನು ಜೀವಸಹಿತ ಹೊರಬಿದ್ದದ್ದು ಕಸದ ಡಬ್ಬಿಯೊಳಗೆ ಕೂತು. ಮನೆಗೆ ಬಂದರೆ ಕಾಸಿಲ್ದಾ ಊಟಕ್ಕಿಟ್ಟಳು. ಅನ್ನ ಇತ್ತು, ಹುರುಳಿಕಾಯಿ ಬೀಜದ ಸಾರಿತ್ತು, ಕೊಂಕೋನ್ ಇರಲಿಲ್ಲ. ಪಾತ್ರೆಯ ತಳಕ್ಕೆ ಹಿಡಿದ ಗರಿಗರಿ ಕೆಂಪು ಅನ್ನ ಅದು; ಆ ಸೀಮೆಯಲ್ಲಿ ಮನೆಯೊಡತಿ ಅದನ್ನು ಯಾರ ತಟ್ಟೆಗೆ ಕೆರೆದು ಹಾಕುತ್ತಾಳೋ ಮನೆಯಲ್ಲಿ ಅವನೇ ರಾಜ. ಅಂದಿನಿಂದ ರಾಜ್ಯ ಮೊಲದ ಪಾಲಾಯಿತು. ಪ್ರತಿ ಭಾನುವಾರ ಮೊಲ ಬಂದು ಭಾವನ ಎದುರಿಗೇ ಕೂತು ಕರುಂಕುರುಂ ಎಂದು ಅಗಿಯುತ್ತಿದ್ದ.

"ಕಾಲು ಮುಟ್ಲಿಲ್ಲ ಕಣೋ," ಎಂದು ತೆಲೆಸ್ಫೊರೊ ಶುರು ಮಾಡುತ್ತಿದ್ದ.

"ಅಕ್ಕಾ, ಇವತ್ತು ಚೆನ್ನಾಗಿ ಗರಿಯಾಗಿದೆ," ಎಂದು ಮೊಲ ಇನ್ನಷ್ಟು ಜೋರಾಗಿ ಅಗಿಯುತ್ತಿದ್ದ.

ಕಾಸಿಲ್ದಾ ರೇಡಿಯೊ ಏರಿಸುತ್ತಿದ್ದಳು. ಅವನು ಹಲಗೆ, ಗೇಣು, ನಿಯಮ ಎಂದು ಹೇಳುತ್ತಲೇ ಇರುತ್ತಿದ್ದ, ಅವಳು ಬಾಳೆಕಾಯಿ ಸುಲಿಯುತ್ತಲೇ ಇರುತ್ತಿದ್ದಳು. ಮೊಲ ಬರದ ದಿನ ಕೊಂಕೋನ್ ನಾಯಿಗೆ ಹೋಗುತ್ತಿತ್ತು. ಊಟ ಮುಗಿದ ಮೇಲೆ ಭಾವ ಮೈದುನ ಇಬ್ಬರೂ ಹೊಂಗೆಯಂಥ ಮರದಡಿ ಸಂಜೆಯವರೆಗೆ ದೊಮಿನೊ ಆಡುತ್ತಿದ್ದರು, ಒಬ್ಬರನ್ನೊಬ್ಬರು ಕಳ್ಳ, ಕುರುಡ ಎಂದು ಬೈದುಕೊಳ್ಳುತ್ತ. ಈ ಜಗಳವೇ ಇಬ್ಬರ ಸ್ನೇಹ. ತೆಲೆಸ್ಫೊರೊಗೆ ಆ ಮುಠ್ಠಾಳನ ಮೇಲೆ ಪ್ರಾಣವಿತ್ತು.

ಮೊಲ ಸತ್ತಾಗ ಮೂವರು ಹೆಂಡಿರು ಅಳಲು ಬಂದರು. ಅವನು ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದವರು, ಈಗ ಯಾರು ಹೆಚ್ಚು ಜೋರಾಗಿ ಅಳುತ್ತಾರೆ ಎಂದು ಪಂದ್ಯ ಕಟ್ಟಿದ್ದರು. ಕಾಸಿಲ್ದಾ ಮಾತ್ರ ಅಳಲಿಲ್ಲ. ಶುಂಠಿ ಕಾಫಿಯ ಲೋಟ ಹಿಡಿದು ಗಂಡನ ಮುಂದೆ ಬಂದು ನಿಂತಳು.

ಬೊಕಾ ಸಲಾದಾದಲ್ಲಿ ಹೆಣವನ್ನು ಸ್ಮಶಾನಕ್ಕೆ ಒಯ್ಯುವ ಮೊದಲು ದೊಡ್ಡಿಯಲ್ಲಿ ಒಂದು ಸುತ್ತು ಹಾಕಿಸುತ್ತಾರೆ. ಮೂರು ಮೂಲೆ ಸುತ್ತಿ, ಬಿಳಿ ಹಲಗೆಯ ಮೇಲೆ ದಾಟಿಸುತ್ತಾರೆ, ಯಾರಾದರೂ ಒಬ್ಬರು ಕೈ ಚಾಚಿ ಸೇಫ್ ಎಂದು ಕೂಗುತ್ತಾರೆ. ಬ್ಯಾಟು ಮುಟ್ಟದ ಕಟುಕನೂ ಸೇಫ್, ರಸ್ತೆಯ ದುಡ್ಡು ತಿಂದ ಮೇಯರೂ ಸೇಫ್. ತೆಲೆಸ್ಫೊರೊ ಈ ಕೆಲಸಕ್ಕೆ ಒಮ್ಮೆಯೂ ನಿಂತವನಲ್ಲ. ಸುಳ್ಳು ತೀರ್ಪು ಸತ್ತವರಿಗೂ ಕೊಡಕೂಡದು ಎನ್ನುವುದು ಅವನ ಹಟ.

"ಮುದುಕಾ," ಎಂದಳು ಕಾಸಿಲ್ದಾ. "ಅವ್ನು ಸಾಯೋ ಮುಂಚೆ ಒಂದೇ ಮಾತು ಹೇಳಿದ್ದು. ಸುತ್ತು ಹಾಕಿಸುವಾಗ ಹಲಗೆ ಹಿಂದೆ ಆ ಕುರುಡನೇ ನಿಂತಿರ್ಬೇಕು ಅಂತ."

"ನಿಲ್ತೀನಿ. ಕಂಡದ್ದು ಹೇಳ್ತೀನಿ."

"ಏನ್ ಕಾಣ್ತೀಯ? ಮರದ ಪೆಟ್ಟಿಗೆ ಕಾಣ್ತೀಯ! ಸೇಫ್ ಅನ್ನೋಕೆ ನಿನ್ನ ಗಂಟೇನು ಹೋಗತ್ತೆ?"

"ಕಂಡದ್ದು ಹೇಳ್ತೀನಿ ಅಂದ್ನಲ್ಲ."

"ಹಂಗಾದ್ರೆ ಕೇಳ್ಕೋ. ಇವತ್ತೂ ನನ್ನ ತಮ್ಮನ್ನ ಔಟ್ ಅಂದ್ಯೋ, ಈ ಹೊಸ್ಲು ತುಳೀಬೇಡ. ಹೋಗಿ ದೊಡ್ಡೀಲೇ ಮಲಕ್ಕೋ. ಹುಟ್ಟಿದ್ದೂ ಅಲ್ಲೇ ತಾನೆ."

ಅವಳು ಆಡಿದ್ದನ್ನು ಮಾಡುವವಳು ಎಂದು ಅವನಿಗೆ ಗೊತ್ತಿತ್ತು. ಹಳೆಯ ಕರಿ ಅಂಗಿ ತೊಟ್ಟು, ಟೊಪ್ಪಿ ಇಟ್ಟು ಹೊರಟ. ಮುದಿ ವಯಸ್ಸಿನಲ್ಲಿ ಹೆಂಡತಿ ಹೊರಹಾಕಿದರೆ ಎಲ್ಲಿ ಬೀಳುವುದು ಎಂಬ ಭಯವೂ ಜೊತೆಗೇ ಹೊರಟಿತು. ದಾರಿಯುದ್ದಕ್ಕೂ ಸೇಫ್, ಸೇಫ್ ಎಂದು ಬಾಯೊಳಗೇ ಹೇಳಿ ನೋಡಿದ. ನಾಲಿಗೆ ಹೊರಳಿತು, ಮನಸ್ಸು ಹೊರಳಲಿಲ್ಲ.

ಊರೆಲ್ಲ ಮೆಟ್ಟಿಲ ಮೇಲೆ ಸೇರಿತ್ತು. ಮೂವರು ಹೆಂಡಿರು ಮೂರು ಮೂಲೆ ಹಿಡಿದು ಕೂತರು, ಅದೊಂದು ಅನುಕೂಲವೇ ಆಯಿತು: ಪೆಟ್ಟಿಗೆ ಯಾವ ಮೂಲೆಗೆ ಬಂದಿದೆ ಎಂಬುದು ಅಳುವಿನಿಂದಲೇ ತಿಳಿಯುತ್ತಿತ್ತು. ಆಚೆ ಮಿಲ್ಲಿನಿಂದ ಬಾಲ್ದೊಮೆರೊ ಬಂದಿದ್ದ. ಬಾಗಿಲಿನಂಥ ದೇಹ ಸೊರಗಿ ಈಗ ಕಿಟಕಿಯಷ್ಟಾಗಿತ್ತು, ಕೈಯಲ್ಲಿ ಕೋಲು. ಮೊಲದ ಪೆಟ್ಟಿಗೆಯ ಮೇಲಿಡಲು ತನ್ನ ಹಳೆಯ ಚರ್ಮದ ಗವಸನ್ನೂ ಅದರೊಳಗೆ ಅಂದಿನ ಚೆಂಡನ್ನೂ ತಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ, ಅದರಲ್ಲಿ ಸಂಶಯ ಬೇಡ.

ಹೊರುವವರು ಬೆಳಗಿನಿಂದ ರಮ್ ಹಾಕಿದ್ದರು. ಒಂದನೆಯ ಮೂಲೆಯಿಂದಲೇ ಓಡತೊಡಗಿದರು, ಎರಡನೆಯದರಲ್ಲಿ ಓಲಾಡಿದರು, ಮೂರನೆಯದರಲ್ಲಿ ಬ್ಯಾಂಡಿನವರು ಕುಣಿತದ ಮಟ್ಟು ಹಿಡಿದರು. "ಓಡೋ ಮೊಲಾ! ಓಡೋ!" ಎಂದು ಊರು ಎದ್ದು ನಿಂತು ಕೂಗಿತು. ಪೆಟ್ಟಿಗೆ ಹೆಗಲ ಮೇಲೆ ಕುಪ್ಪಳಿಸುತ್ತ ಬಂದು ಬಿಳಿ ಹಲಗೆಯ ಮೇಲಿಂದ ಹಾದು ಆಚೆ ಹೋಗಿ ನಿಂತಿತು.

ಎಲ್ಲರೂ ತೆಲೆಸ್ಫೊರೊನನ್ನು ನೋಡಿದರು. ಅವನು ಕೈ ಚಾಚಲಿಲ್ಲ. ಮುಷ್ಟಿಯನ್ನೂ ಎತ್ತಲಿಲ್ಲ. ಕಂಬದಂತೆ ನಿಂತಿದ್ದ, ಕಣ್ಣಿಂದ ನೀರು ಮಾತ್ರ ಸುರಿಯುತ್ತಿತ್ತು. ಈ ಬಾರಿಯೂ ಮುಠ್ಠಾಳ ಮೇಲಿಂದಲೇ ಹಾರಿದ್ದ.

"ಹೇಳೋ ಕುರುಡಾ!"

"ಬಾಯ್ ಬಿದ್ದೋಯ್ತೇನೋ!"

ಚಪ್ಪಲಿಯೊಂದು ಬಂದು ಅವನ ಟೊಪ್ಪಿ ಹಾರಿಸಿತು. ಅವನು ಅಲ್ಲಾಡಲಿಲ್ಲ. ಪಾದ್ರಿಗಳು ಬೇಗ ಬೇಗ ಶಿಲುಬೆ ಗುರುತು ಹಾಕಿಕೊಂಡರು.

ಆಗ ಬಾಲ್ದೊಮೆರೊ ಆ ಸುಮ್ಮನಿದ್ದ ಮುಖವನ್ನು ನೋಡಿದ. ಆ ಮುಖವನ್ನು ಅವನು ಹಿಂದೆ ಒಮ್ಮೆ ನೋಡಿದ್ದ. ಹಲಗೆ ನೋಡಿದ, ಪೆಟ್ಟಿಗೆ ನೋಡಿದ, ಕೈಯಲ್ಲಿದ್ದ ಗವಸು ನೋಡಿದ. ಶೋಕಕ್ಕೆ ಬಂದವನೆಂಬುದು ಮರೆತೇ ಹೋಯಿತು. ಕೋಲೂರುತ್ತ, ಗವಸು ಮುಂದೆ ಚಾಚಿ, ಪೆಟ್ಟಿಗೆಯ ಕಡೆ ಹೊರಟ. ಕಾಲು ಎಳೆಯುತ್ತಿತ್ತು, ಕಣ್ಣು ಮಾತ್ರ ಮಿಂಚುತ್ತಿತ್ತು. ಮುದುಕ ಹೆಣಕ್ಕೆ ಮುತ್ತಿಡಲು ಹೋಗುತ್ತಿದ್ದಾನೆಂದು ಜನ ದಾರಿ ಬಿಟ್ಟುಕೊಟ್ಟರು.

ತೆಲೆಸ್ಫೊರೊ ಹಲ್ಲಿಲ್ಲದ ದವಡೆ ಕಚ್ಚಿ ನಿಂತ. ಹೇಳುವಂತಿಲ್ಲ, ತೋರಿಸುವಂತಿಲ್ಲ. ಇನ್ನು ನಾಲ್ಕು ಹೆಜ್ಜೆಯಲ್ಲಿ ಮೊಲವೂ ಹೋದ, ಮನೆಯೂ ಹೋಯಿತು.

"ಲೇ ಕುಡುಕ್ರಾ! ಇಳಿಸ್ರೋ ಅವನ್ನ!"

ಕೂಗಿದವಳು ಕಾಸಿಲ್ದಾ. ಮೆಟ್ಟಿಲಿಂದ ಇಳಿದು, ಲಂಗ ಎರಡು ಕೈಯಲ್ಲಿ ಎತ್ತಿ ಹಿಡಿದು ಓಡಿ ಬರುತ್ತಿದ್ದಳು. ಮಂಡಿನೋವು ಎಂದು ಇಗರ್ಜಿಯಲ್ಲಿ ಮೊಣಕಾಲೂರದ ಹೆಂಗಸು.

"ವಾಪಸ್ ತನ್ರೋ! ಹಲಗೆ ಮುಟ್ಸ್ರೋ! ಮುಟ್ಟಿಲ್ಲ ಅವ್ನು, ಮುಟ್ಟಿಲ್ಲ!"

ಹೊರುವವರಿಗೆ ತಲೆಬುಡ ತಿಳಿಯಲಿಲ್ಲ, ಬಾಯಿ ತೆರೆದು ನಿಂತರು. ಅವಳು ಕಾಯಲಿಲ್ಲ. ಪೆಟ್ಟಿಗೆಯ ಕಾಲಿನ ಕಡೆಯ ಹಿಡಿಗೆ ಜೋತುಬಿದ್ದು, ಹೊತ್ತವರ ಸಮೇತ ಹಿಂದಕ್ಕೆ ಎಳೆದು, ತನ್ನ ಇಡೀ ಭಾರ ಹಾಕಿ ಜಗ್ಗಿದಳು. ಹೊತ್ತವರು ಒಬ್ಬರ ಮೇಲೊಬ್ಬರು ಬಿದ್ದರು. ಪೆಟ್ಟಿಗೆಯ ಮೂಲೆ ಬಿಳಿ ಹಲಗೆಗೆ ಧಡ್ ಎಂದು ಬಡಿಯಿತು. ಆಮೇಲೆ, ನಿಜವಾಗಿಯೂ ಆಮೇಲೆ, ಬಾಲ್ದೊಮೆರೊನ ಗವಸು ಮರಕ್ಕೆ ತಾಗಿತು.

ತೆಲೆಸ್ಫೊರೊ ಎರಡೂ ತೋಳು ಚಾಚಿದ. "ಸೇಫ್!" ಎಂದು ಕೂಗಿದ ದನಿಗೆ ಬ್ಯಾಂಡಿನವರೇ ಬೆಚ್ಚಿದರು. ಊರು ಅಳುತ್ತ, ಕುಣಿಯುತ್ತ ಮೈದಾನಕ್ಕೆ ಇಳಿಯಿತು. ಮೂವರು ಹೆಂಡಿರು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಮರುದಿನ ಅದಕ್ಕಾಗಿ ನಾಚಿಕೊಂಡರಂತೆ. ಬಾಲ್ದೊಮೆರೊ ಮಾತ್ರ ಗೊಣಗುತ್ತ ಗವಸನ್ನು ಪೆಟ್ಟಿಗೆಯ ಮೇಲಿಟ್ಟು ಹೋದ.

ಮಣ್ಣು ಮುಗಿಸಿ ಮನೆಗೆ ಬಂದಾಗ ಹೊಸ್ತಿಲಲ್ಲಿ ಯಾರೂ ತಡೆಯಲಿಲ್ಲ. ತೆಲೆಸ್ಫೊರೊ ತನ್ನ ಜಾಗದಲ್ಲಿ ಕೂತ. ಎದುರಿನ ಕುರ್ಚಿ ಖಾಲಿ ಇತ್ತು. ಒಳಗೆ ಚಮಚ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿತು.

"ಅಂದ್ರೆ," ಎಂದ ಅವನು ಮೆಲ್ಲಗೆ, "ಅವತ್ತೂ ಮುಟ್ಟಿರ್ಲಿಲ್ಲ ಅಂತ ನಿನಗೆ ಗೊತ್ತಿತ್ತು."

"ಗೊತ್ತಿಲ್ದೆ ಏನು?"

"ನಾನು ಹೇಳ್ತಿದ್ದಾಗ ರೇಡಿಯೊ ಏರಿಸ್ತಿದ್ದೆ!"

"ಒಂದೇ ಕೋಣೆ ಮನೆ ಮುದುಕಾ. ಕಿವಿ ಎಲ್ಲಿಗೆ ತಗೊಂಡ್ಹೋಗ್ಲಿ? ಅವ್ನು ನನ್ನ ತಮ್ಮ. ನಾನೂ ಅವನ್ನ ಔಟ್ ಅಂದ್ಬಿಟ್ರೆ ಅವನಿಗ್ಯಾರಿದ್ರು? ಬಾಯ್ ಮುಚ್ಕೊಂಡು ತಿನ್ನು."

ತಟ್ಟೆಯಲ್ಲಿ ಅಂಗೈಯಗಲದ ಕೊಂಕೋನ್ ಇತ್ತು, ಕೆಂಪಗೆ, ಗರಿಗರಿಯಾಗಿ. ಅವನು ಎತ್ತಿ ಬಾಯಿಗಿಟ್ಟ. ಒಂದು ಕಡೆಯಿಂದ ಒತ್ತಿದ, ಇನ್ನೊಂದು ಕಡೆಯಿಂದ ಒತ್ತಿದ. ಅದನ್ನು ಕಡಿಯುವ ಹಲ್ಲು ಒಂದೂ ಉಳಿದಿರಲಿಲ್ಲ. ಕಾಸಿಲ್ದಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತಟ್ಟೆ ಕಿತ್ತುಕೊಂಡು, ಬಿಸಿ ಸಾರು ಮೇಲೆ ಸುರಿದು, ಅದು ಮೆತ್ತಗಾಗುವವರೆಗೆ ತಮ್ಮನ ಕುರ್ಚಿಯಲ್ಲಿ ಕೂತು ಕಾದಳು.