ಕೊಬ್ಬರಿ ಅಟ್ಟದಲ್ಲಿ ಒಣಗಿದ ನಗು

ಜಾವಗಲ್‌ನ ಫೋಟೋಗ್ರಾಫರ್ ಮರಿಯಣ್ಣ ಫ್ಲ್ಯಾಶ್ ಹೊಡೆದರೆ ಬೆಳಗಾಯಿತೆಂದು ಕೋಳಿಗಳು ಕೂಗುತ್ತಿದ್ದವಂತೆ. ಒಂದು ಮದುವೆಯಲ್ಲಂತೂ ಕೋಳಿ ಕೂಗಿದ್ದಕ್ಕೆ ಪುರೋಹಿತರು ಮುಹೂರ್ತ ಮೀರಿತೆಂದು ಹೌಹಾರಿ, ತಾಳಿ ಹಿಡಿದುಕೊಂಡೇ ಬಸ್ ಸ್ಟ್ಯಾಂಡ್‌ವರೆಗೆ ಓಡಿದರಂತೆ. ಹೇಳುವವನು ಮರಿಯಣ್ಣನೇ ಆದ್ದರಿಂದ ಕೋಳಿಗಳ ಸಂಖ್ಯೆ ವರ್ಷವರ್ಷಕ್ಕೂ ಏರಿದೆ. ಒಂದು ಮಾತು ಮಾತ್ರ ಸುಳ್ಳಲ್ಲ. ಸ್ಟುಡಿಯೋ ಮುಚ್ಚಿ ಹದಿನೆಂಟು ವರ್ಷವಾದರೂ ಅವನು ಒಂದೇ ಒಂದು ನೆಗೆಟಿವ್ ಬಿಸಾಡಿರಲಿಲ್ಲ.

ಅದನ್ನು ನಂಬಿಯೇ ಹಾರನಹಳ್ಳಿಯಿಂದ ಟೀಚರ್ ಹೇಮಾಶ್ರೀ ಬಂದಳು. ಮಾತಾಡುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವ ಅಭ್ಯಾಸ ಆಕೆಗೆ.

“ತಾತ, ನಾನು ಹುಟ್ಟಿದ ವರ್ಷಾನೇ ನಮ್ಮಮ್ಮ ಹೋಗ್ಬಿಟ್ರು. ಮದುವೆ ಆಲ್ಬಮ್ ಗೆದ್ದಲು ತಿಂತು. ಅವರ ಮುಖ ಹೆಂಗಿತ್ತು ಅಂತಾನೇ ನಂಗೊತ್ತಿಲ್ಲ. ಫೋಟೋ ನೀವೇ ತೆಗೆದಿದ್ದಂತೆ.”

“ಐತೆ ಕಣವ್ವ. ಎಲ್ಲೋಯ್ತದೆ? ಅಟ್ಟದ ಮ್ಯಾಲೈತೆ.”

ಅದು ಕೊಬ್ಬರಿ ಅಟ್ಟ. ಕೆಳಗೆ ಒಲೆಯ ಹೊಗೆ, ಮೇಲೆ ಹೆಂಚಿನ ಕಾವು. ವರ್ಷಗಟ್ಟಲೆ ಬಿದ್ದಿದ್ದರೂ ತೆಂಗಿನಕಾಯಿ ಕೆಡದೆ ಒಳಗೇ ಉಂಡೆ ಕೊಬ್ಬರಿಯಾಗುವ ಜಾಗ. ಕಾಯಿಯೇ ಕೆಡದಲ್ಲಿ ಫಿಲಂ ಕೆಟ್ಟೀತೇ ಎಂದು ಮರಿಯಣ್ಣ ಡಬ್ಬಗಳನ್ನು ಅಲ್ಲೇ ಪೇರಿಸಿಟ್ಟಿದ್ದ. ಈಗ ಮುಚ್ಚಳ ತೆಗೆದದ್ದೇ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಮೂವತ್ತು ವರ್ಷದ ಮದುವೆಗಳು ಬಡಗಿಯ ಹತ್ತರಿ ಎಬ್ಬಿಸಿದ ಸಿಪ್ಪೆಯಂತೆ ಸುರುಳಿ ಸುತ್ತಿಕೊಂಡಿದ್ದವು. ಕೆಲವು ಅಂಟಿಕೊಂಡು ಗಡ್ಡೆಯಾಗಿದ್ದವು. ಮರಿಯಣ್ಣ ಲಕೋಟೆಗಳ ಮೇಲಿನ ಹೆಸರು ಒಂದೊಂದಾಗಿ ಓದತೊಡಗಿದ.

ಹೇಮಾಶ್ರೀಯ ತಾಯಿಯ ಲಕೋಟೆಯಲ್ಲಿ ಉಳಿದಿದ್ದದ್ದು ನಾಲ್ಕು ಚಿತ್ರಗಳ ಒಂದೇ ಪಟ್ಟಿ. ಮೂರರಲ್ಲಿ ಮದುಮಗಳು ತಲೆ ತಗ್ಗಿಸಿದ್ದಳು. ನಾಲ್ಕನೆಯದು ಅವನಿಗೆ ನೆನಪಿತ್ತು. “ನಿಮ್ಮಾವನ ಪೇಟದ ಮ್ಯಾಲೆ ಓತಿಕ್ಯಾತ ಕುಂತೈತೆ ಕಣವ್ವ” ಎಂದು ಅವನು ಅಂದು ಮದುಮಗಳಿಗೆ ಸುಳ್ಳು ಬಿಟ್ಟಿದ್ದ. ಆಕೆ ಥಟ್ಟನೆ ತಲೆಯೆತ್ತಿ ನಕ್ಕಿದ್ದಳು. ಬೆಳಕಿಗೆ ಹಿಡಿದರೆ ಈಗ ಕಾಣುವುದು ಕಪ್ಪು ಮುಖ, ಬಿಳಿ ಕೂದಲು ಅಷ್ಟೆ.

ಪ್ರಿಂಟ್ ಹಾಕುವ ಯಂತ್ರ ಎಂದೋ ಗುಜರಿಗೆ ಹೋಗಿತ್ತು. ಉಳಿದ ದಾರಿ ಸ್ಕ್ಯಾನರ್ ಕೊಳ್ಳುವುದೊಂದೇ. ಮರಿಯಣ್ಣ ಪಟ್ಟಿಯನ್ನು ತಿಂಡಿ ಡಬ್ಬದಲ್ಲಿಟ್ಟು, ಅರಸೀಕೆರೆ ಬಸ್ಸಿನಲ್ಲಿ ಅದನ್ನು ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತ. ಪ್ರತಿ ಹಂಪ್ ಹಾರಿದಾಗಲೂ ಡಬ್ಬವನ್ನು ಕಿವಿಗೆ ಹಿಡಿಯುತ್ತಿದ್ದ.

ಕಂಪ್ಯೂಟರ್ ಅಂಗಡಿಯ ದೀಪಕ್ ಹೊಳೆಯುವ ಯಂತ್ರವೊಂದನ್ನು ಮುಂದಿಟ್ಟ. ಮರಿಯಣ್ಣ ಮುಚ್ಚಳ ಎತ್ತಿ ನೋಡಿದ.

“ಮ್ಯಾಲೆ ದೀಪ ಎಲ್ಲಪ್ಪ?”

“ಕೆಳಗಿದೆಯಲ್ಲ ಯಜಮಾನ್ರೆ.”

“ಅದು ಕಾಗದಕ್ಕಾಯ್ತು. ನೆಗೆಟಿವ್‌ಗೆ ಬೆಳಕು ಮ್ಯಾಲಿಂದ ತೂರಿ ಬರ್ಬೇಕು. ಇದ್ರಲ್ಲಿ ಮದುಮಗಳು ಅಮಾವಾಸ್ಯೆ ಆಗ್ತಾಳೆ.”

ಎರಡನೆಯದರಲ್ಲಿ ಮುಚ್ಚಳದೊಳಗೆ ದೀಪವಿತ್ತು, ಆದರೆ ಎರಡು ಬೆರಳಗಲ. ಇವನ ಹಳೆಯ ಕ್ಯಾಮೆರಾದ ಫಿಲಂ ಅದಕ್ಕಿಂತ ಅಗಲ. ಮೂರನೆಯದನ್ನು ದೀಪಕ್ ಗೋಡೌನಿನಿಂದ ಧೂಳು ಒರೆಸುತ್ತಾ ತಂದ. ಯಾರೋ ಬಳಸಿ ಬಿಟ್ಟದ್ದು, ದೀಪ ಮುಚ್ಚಳದಗಲಕ್ಕೂ ಇತ್ತು.

“ಕೊಡಿ, ಈ ಚೌಕಟ್ಟಿಗೆ ಸಿಕ್ಸಿ ನೋಡೇ ಬಿಡೋಣ” ಎಂದು ದೀಪಕ್ ಕೈ ಚಾಚಿದ.

“ಏಯ್, ಮುಟ್ಟಬ್ಯಾಡ! ಮೊದ್ಲು ಇದ್ನ ಹಾಕು.” ಮರಿಯಣ್ಣ ಜೇಬಿನಿಂದ ಬೇರೊಂದು ಪಟ್ಟಿ ತೆಗೆದ. ಅದೂ ಅದೇ ಅಟ್ಟದಲ್ಲಿ ಒಣಗಿದ್ದು.

ದೀಪಕ್ ಪ್ಲಾಸ್ಟಿಕ್ ಚೌಕಟ್ಟಿನೊಳಗೆ ಫಿಲಂ ಇಟ್ಟು ಕೊಂಡಿ ಒತ್ತಿದ. ಚಟ್! ಪಟ್ಟಿ ಎರಡು ತುಂಡಾಯಿತು. ದೀಪಕ್ ಸುಟ್ಟವನಂತೆ ಕೈ ಹಿಂದೆಗೆದ.

“ಯಾರದು ಯಜಮಾನ್ರೆ ಇದು?”

“ನನ್ನ ಹೆಂಡ್ತಿದು. ಸರಿಯಾಗಿ ಕುತ್ತಿಗೆ ಹತ್ರನೇ ಮುರ್ದೆ. ಇವತ್ತು ನಂಗೆ ಊಟ ಇಲ್ಲ ಬಿಡು.”

ತಮಾಷೆ ಮಾಡುತ್ತಲೇ ಎರಡೂ ಚೂರುಗಳನ್ನು ಆಯ್ದು ಜೇಬಿಗಿಟ್ಟುಕೊಂಡ.

“ವಾರಂಟಿ ಇರೋ ಹೊಸದು ತಗೊಳ್ಳಿ ಯಜಮಾನ್ರೆ. ಈ ಹಳೇದಕ್ಕೆ ನಾನು ಜವಾಬ್ದಾರನಲ್ಲ.”

“ವಾರಂಟಿ ನಿನ್ನ ಡಬ್ಬಕ್ಕೆ. ಆ ಹೆಣ್ಮಗಳ ಮುಖಕ್ಕೆ ಯಾರು ಕೊಡ್ತಾರೆ? ಹಳೇದೇ ಕಟ್ಟು. ಚೌಕಟ್ಟು ನೀನೇ ಮಡಿಕ್ಕೋ.”

ಮಾರನೆಯ ದಿನ ಬೆಳಿಗ್ಗೆ ಹೇಮಾಶ್ರೀ ಲ್ಯಾಪ್‌ಟಾಪ್ ತಂದಳು. ಮರಿಯಣ್ಣ ಪಟ್ಟಿಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲಾಗಿಟ್ಟ. ಪ್ರಿಂಟ್ ಹಾಕುವ ಕಾಲದಲ್ಲಿ ಫಿಲಂ ಅದುಮಲು ಬಳಸುತ್ತಿದ್ದ ಗಾಜೊಂದನ್ನು ಸೊಸೈಟಿಯ ರೇಷನ್ ಕಾರ್ಡಿನಂತೆ ಜೋಪಾನ ಮಾಡಿದ್ದ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಸತೊಡಗಿದ. ಸುರುಳಿ ಬಿಡಲೊಲ್ಲದು. ಇನ್ನಷ್ಟು ಇಳಿಸಿದ. ಹಣೆಯ ಬೆವರು ಹುಬ್ಬಿಗೆ ಬಂದು ನಿಂತಿತು.

“ಉಸಿರು ಬಿಡಬ್ಯಾಡ ಕಣವ್ವ” ಎಂದ. ಆಕೆ ಯಾವಾಗಲೋ ಬಿಗಿ ಹಿಡಿದಿದ್ದಳು.

ಚಿರ್ ಎಂದಿತು.

ಹೇಮಾಶ್ರೀ ಕಣ್ಣು ಮುಚ್ಚಿದಳು. ಮರಿಯಣ್ಣ ಬಗ್ಗಿ ನೋಡಿದ. ಬಿರುಕು ಎರಡನೆಯ ಚಿತ್ರದಲ್ಲಿ ನಿಂತಿತ್ತು. ನಾಲ್ಕನೆಯದು ಹಾಗೇ ಇತ್ತು. ಗಾಜು ಕೂತಿತು. ಮುಚ್ಚಳ ಹಾಕಿ ಗುಂಡಿ ಒತ್ತಿದ.

ಯಂತ್ರ ಮುಲುಗುಟ್ಟುತ್ತಾ ಸಾಗಿತು. ಪರದೆಯ ಮೇಲೆ ನಾಲ್ಕನೆಯ ಚಿತ್ರ, ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ, ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯಿತು. ಮೊದಲು ಚಪ್ಪರ. ಆಮೇಲೆ ಬಾಸಿಂಗ, ಹಣೆ, ಮೇಲೆತ್ತಿದ ಕಣ್ಣು. ಕೊನೆಗೆ ಅಗಲವಾಗಿ ತೆರೆದ ನಗು. ಅದರಲ್ಲಿ ಪಕ್ಕದ ಹಲ್ಲಿನ ಮೇಲೇರಿ ಕುಳಿತ ಒಂದು ವಕ್ರಹಲ್ಲು.

ಹೇಮಾಶ್ರೀ ಬಹಳ ಹೊತ್ತು ನೋಡಿದಳು. ಬಾಯಿಗೆ ಅಡ್ಡವಿದ್ದ ಅಂಗೈ ತಾನಾಗಿ ಕೆಳಗಿಳಿಯಿತು. ಆಕೆಯ ಬಾಯಲ್ಲೂ ಅದೇ ಹಲ್ಲು, ಅದೇ ಜಾಗದಲ್ಲಿ.

“ತಾತ, ಅಮ್ಮ ಯಾಕೆ ನಗ್ತಿದ್ದಾರೆ?”

“ಓತಿಕ್ಯಾತ ನೋಡಿ ಕಣವ್ವ. ಆನೆಮರಿಯಷ್ಟು ದಪ್ಪ ಇತ್ತು.”

ಆಕೆ ಬಾಯಿ ಮುಚ್ಚಿಕೊಳ್ಳದೆ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಬಾಗಿಲಲ್ಲಿ ನಿಂತಿದ್ದ ಮರಿಯಣ್ಣನ ಹೆಂಡತಿ ಮುಂದೆ ಬಂದು, ತುಂಡಾದ ತನ್ನ ನೆಗೆಟಿವ್‌ನ ಎರಡು ಚೂರುಗಳನ್ನು ಸ್ಕ್ಯಾನರಿನ ಪಕ್ಕದಲ್ಲಿಟ್ಟಳು.

“ಊರೋರ ಮುಖ ಎಲ್ಲಾ ಆಯ್ತಲ್ಲ. ನನ್ನ ತಲೆನೂ ಜೋಡಿಸ್ರೀ ಈಗ.”

ಮರಿಯಣ್ಣ ಸ್ಕ್ಯಾನರಿನ ಮುಚ್ಚಳ ಎತ್ತಿದ.