ಮಧ್ಯಾಹ್ನ ಹನ್ನೆರಡು ಗಂಟೆ ಮೂರು ನಿಮಿಷ

ಪಿಲಾರ್ ಊರಿನಲ್ಲಿ ಯಾರ ಮನೆಯ ಕಂಪ್ಯೂಟರ್ ಕೆಟ್ಟರೂ ಒಬ್ದುಲಿಯಾಳಿಗೆ ಕರೆ ಹೋಗುತ್ತಿತ್ತು. ಇಪ್ಪತ್ತೆಂಟು ವರ್ಷ ಹುಡುಗಿಯರಿಗೆ ಟೈಪಿಂಗ್ ಕಲಿಸಿದವಳು. ಆ ಶಾಲೆ ಮುಚ್ಚಿದಾಗ ಐವತ್ತನೆಯ ವಯಸ್ಸಿನಲ್ಲಿ ಸ್ಕ್ರೂಡ್ರೈವರ್ ಹಿಡಿದಳು. ಈಗ ಅರವತ್ತಮೂರಾದರೂ ಊರಿಗೆಲ್ಲ ಅವಳು ‘ಪ್ರೊಫೆ’ಯೇ, ಅಂದರೆ ಮೇಡಮ್ಮು. ಯಂತ್ರ ಕೆಟ್ಟಿದ್ದರೆ ಅದರ ಮುಂದೆ ಕೂತವರು ಕೆಡಿಸಿರುತ್ತಾರೆ ಎಂಬುದು ಅವಳ ಸಿದ್ಧಾಂತ. ನೂರಕ್ಕೆ ತೊಂಬತ್ತು ಸಲ ಅದು ನಿಜವಾಗುತ್ತಿದ್ದುದರಿಂದ ಉಳಿದ ಹತ್ತರ ಗೊಡವೆಗೆ ಅವಳು ಹೋಗುತ್ತಿರಲಿಲ್ಲ.

ಆ ನವೆಂಬರಿನ ಗುರುವಾರ ಅವಳು ನಿನ್ಫಾಳ ಮನೆಗೆ ಬಂದದ್ದು ಮೂರನೆಯ ಸಲ. ನಿನ್ಫಾ ಬೇಕರಿಯಲ್ಲಿ ನಸುಕಿನಿಂದ ಚೀಪಾ ರೊಟ್ಟಿ ಬೇಯಿಸುವ ನಲವತ್ತೆರಡರ ಹೆಂಗಸು. ಹದಿನಾರಕ್ಕೆ ಬಿಟ್ಟ ಶಾಲೆಯನ್ನು ಸಂಜೆ ತರಗತಿಗಳಲ್ಲಿ ಓದಿ ಮುಗಿಸಿದ್ದಳು. ಕೊನೆಯ ಪರೀಕ್ಷೆಯನ್ನು ಶನಿವಾರ ಬೆಳಿಗ್ಗೆ ಎಂಟಕ್ಕೆ ಮನೆಯ ಕಂಪ್ಯೂಟರಿನಲ್ಲೇ ಬರೆಯಬೇಕಿತ್ತು. ಪಾಸಾದರೆ ಸಹಾಯಕ ನರ್ಸ್ ತರಬೇತಿಗೆ ಸೇರಬಹುದು. ತಪ್ಪಿದರೆ ಇನ್ನೊಂದು ವರ್ಷ ಒಲೆಯ ಮುಂದೆ. ಹೊಸ ಅಪ್‌ಡೇಟ್ ಇಲ್ಲದೆ ಪರೀಕ್ಷೆಯ ಪ್ರೋಗ್ರಾಂ ತೆರೆಯುತ್ತಿರಲಿಲ್ಲ, ಅಪ್‌ಡೇಟ್ ಮುಗಿಯುತ್ತಿರಲಿಲ್ಲ.

ಯಂತ್ರಕ್ಕೆ ಹನ್ನೊಂದು ವರ್ಷ. ಮುಚ್ಚಿಹೋದ ಯಾವುದೋ ಕಚೇರಿಯಿಂದ ಬಂದದ್ದು, ಎತ್ತಿನಷ್ಟು ಭಾರ, ಆಮೆಯಷ್ಟು ವೇಗ. ಸೋಮವಾರ ಒಬ್ದುಲಿಯಾ ಹಳೆಯ ಕಡತಗಳನ್ನೆಲ್ಲ ಅಳಿಸಿ ಜಾಗ ಮಾಡಿ, ಹತ್ತಕ್ಕೆ ಅಪ್‌ಡೇಟ್ ಶುರು ಮಾಡಿ, ಹನ್ನೊಂದೂವರೆಗೆ ಊಟಕ್ಕೆ ಮನೆಗೆ ಹೋದಳು. ಪಿಲಾರ್‌ನಲ್ಲಿ ಹನ್ನೆರಡರಿಂದ ಮೂರರವರೆಗೆ ಸಿಯೆಸ್ತಾ, ಮಧ್ಯಾಹ್ನದ ನಿದ್ದೆ. ಆ ಹೊತ್ತಿನಲ್ಲಿ ಪರರ ಮನೆಯಲ್ಲಿ ಕೂತಿರುವುದು ಅವರ ಮಲಗುವ ಕೋಣೆಗೆ ನುಗ್ಗಿದಷ್ಟೇ ಹೇಸಿಗೆ. ಸಂಜೆ ನಿನ್ಫಾಳ ಫೋನು ಬಂತು. ‘ಮಾಡಿದ್ದನ್ನು ಹಿಂತೆಗೆಯಲಾಗುತ್ತಿದೆ’ ಎಂದು ಪರದೆ ಹೇಳುತ್ತಿದೆಯಂತೆ.

ಮಂಗಳವಾರ ಅರ್ಧಂಬರ್ಧ ಇಳಿದಿದ್ದ ಕಡತಗಳನ್ನು ಬಳಿದು ಹಾಕಿ, ಇಡೀ ಅಪ್‌ಡೇಟನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿದಳು. ಸಂಜೆ ಮತ್ತೆ ಅದೇ. ಬುಧವಾರ ನಿನ್ಫಾಳೇ ಫೋನಿನಲ್ಲಿ ಕೇಳಿಕೊಂಡು ಶುರು ಮಾಡಿದಳು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

“ಆರಿಸೋ ಗುಂಡಿ ಒತ್ತಿದ್ದು ನೀನೇ,” ಎಂದಳು ಒಬ್ದುಲಿಯಾ, ಗುರುವಾರ ಬಂದವಳೇ ಚೀಲವನ್ನು ಕುರ್ಚಿಯ ಮೇಲೆ ಎಸೆದು.

“ಇಲ್ಲ ಪ್ರೊಫೆ. ನಾನು ಮುಟ್ಟೇ ಇಲ್ಲ.”

“ಮುಟ್ಟದೆ ತಾನಾಗೇ ಆರಿಹೋಯ್ತಾ? ಅದೇನು ಮೇಣದ ಬತ್ತೀನಾ?”

“ನಮ್ಮತ್ತೆ ಮೇಲಾಣೆ.”

“ಅತ್ತೆ ಮೇಲೆ ಆಣೆ ಇಡೋದು ಯಾರಿಗೂ ಕಷ್ಟ ಇಲ್ಲ ಬಿಡಮ್ಮ.”

ಅಡುಗೆಮನೆಯಲ್ಲಿ ಮರಗೆಣಸು ಸುಲಿಯುತ್ತಿದ್ದ ಅತ್ತೆ, ಊರವರ ಬಾಯಲ್ಲಿ ಞಾ (ಅಮ್ಮ) ಪೆತ್ರೋನಾ, ಅಲ್ಲಿಂದಲೇ ಹೇಳಿದಳು: “ನನಗೆ ಕಿವಿ ಕೇಳಿಸ್ತದೆ.”

ನಿನ್ಫಾ ಮೇಜಿನ ಮೇಲಿದ್ದ ನೋಟ್‌ಪುಸ್ತಕಗಳನ್ನು ಒಂದರ ಮೇಲೊಂದು ಜೋಡಿಸಿ, ನೀರು ತರಲು ಹಿತ್ತಲಿಗೆ ಹೋದಳು. ಬೈಸಿಕೊಂಡ ವಿದ್ಯಾರ್ಥಿನಿಯರು ಅಳುವುದನ್ನು ಒಬ್ದುಲಿಯಾ ಬೇಕಾದಷ್ಟು ಕಂಡಿದ್ದಳು. ಹೀಗೆ ಪುಸ್ತಕ ಜೋಡಿಸಿಟ್ಟು ಎದ್ದು ಹೋಗುವವರು ಕಡಿಮೆ. ಅದರಿಂದ ಅವಳಿಗೆ ಇನ್ನಷ್ಟು ಕಿರಿಕಿರಿಯಾಯಿತು.

ಯಂತ್ರ ತನ್ನ ಏಳುಬೀಳುಗಳನ್ನು ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ಆಗ ತೆರೆದಳು. ಮೊದಲ ದಿನವೇ ತೆರೆಯಬೇಕಾಗಿದ್ದದ್ದು. ಹಠಾತ್ತಾಗಿ ವಿದ್ಯುತ್ ಹೋದದ್ದು: ಸೋಮವಾರ ಹನ್ನೆರಡು ಗಂಟೆ ಮೂರು ನಿಮಿಷ. ಮಂಗಳವಾರ ಹನ್ನೆರಡು ಐದು. ಬುಧವಾರ ಮತ್ತೆ ಹನ್ನೆರಡು ಮೂರು. ಅದಕ್ಕೂ ಹಿಂದೆ ಹೋದರೆ ಕಳೆದ ವಾರ, ಕಳೆದ ತಿಂಗಳು, ಎಲ್ಲ ದಿನವೂ ಅದೇ ಹೊತ್ತು.

“ಞಾ ಪೆತ್ರೋನಾ, ಮಲಗೋಕೆ ಮುಂಚೆ ನೀವು ಏನು ಮಾಡ್ತೀರಿ?”

“ಪಾತ್ರೆ ತೊಳೀತೀನಿ. ಮೇನ್ ಸ್ವಿಚ್ ಇಳಿಸ್ತೀನಿ. ಮಾವಿನ ಮರದ ಕೆಳಗೆ ತೂಗುಮಂಚಕ್ಕೆ ಹೋಗ್ತೀನಿ. ಎದ್ದ ಮೇಲೆ ಮತ್ತೆ ಏರಿಸ್ತೀನಿ. ಯಾಕೆ?”

“ಮೇನ್ ಸ್ವಿಚ್ ಇಳಿಸ್ತೀರಿ.”

“ಮತ್ತೆ? ಎಲ್ಲರೂ ಕಣ್ಮುಚ್ಚಿರೋ ಮನೇಲಿ ಕರೆಂಟು ಓಡಾಡ್ತಿರಬೇಕಾ? ನಮ್ಮಮ್ಮ ದೀಪ ಆರಿಸ್ತಿದ್ದಳು, ನಾನು ಸ್ವಿಚ್ ಇಳಿಸ್ತೀನಿ. ನೀವು ಇಳಿಸಲ್ವಾ?”

ಒಬ್ದುಲಿಯಾಳೂ ಇಳಿಸುತ್ತಿದ್ದಳು. ತಾಯಿಯ ಕಾಲದಿಂದಲೂ, ತಟ್ಟೆ ಒರೆಸಿಟ್ಟ ಕೈಯಲ್ಲೇ. ಸೋಮವಾರ ಹನ್ನೆರಡು ಮೂರಕ್ಕೆ ಈ ಮುದುಕಿ ಇಲ್ಲಿ ಸ್ವಿಚ್ ಇಳಿಸುವಾಗ, ನಾಲ್ಕು ಬೀದಿ ಆಚೆ ತಾನೂ ಅದನ್ನೇ ಮಾಡುತ್ತಿದ್ದಿರಬೇಕು. ತನ್ನ ಮನೆಯ ಕಂಪ್ಯೂಟರ್ ಒಂದು ವರ್ಷದಿಂದ ಸರಿಯಾಗಿ ಅಪ್‌ಡೇಟ್ ಆಗಿಲ್ಲವೆಂದು ತಯಾರಿಸಿದವರಿಗೆ ಶಾಪ ಹಾಕುತ್ತಿದ್ದದ್ದೂ ನೆನಪಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು.

ಹತ್ತೂಕಾಲಿಗೆ ಮತ್ತೆ ಶುರು ಮಾಡಿದಳು. ಊಟಕ್ಕೆ ಮನೆಗೆ ಹೋಗಲಿಲ್ಲ. ಹನ್ನೆರಡಕ್ಕೆ ಕುರ್ಚಿಯನ್ನು ಎಳೆದು ಮೇನ್ ಸ್ವಿಚ್ಚಿನ ಕೆಳಗೆ ಹಾಕಿ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಪರದೆಯ ಮೇಲೆ ಶೇಕಡಾ ಮೂವತ್ತೊಂದು. ರಾತ್ರಿ ಎರಡಕ್ಕೆ ಎದ್ದಿದ್ದ ನಿನ್ಫಾ ಒಳಗೆ ಮಲಗಿದಳು. ಞಾ ಪೆತ್ರೋನಾ ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು.

“ಏಳಿ ಪ್ರೊಫೆ.”

“ಏಳಲ್ಲ.”

“ನನಗೆ ನಿದ್ದೆ ಬರಲ್ಲ ಹೀಗಿದ್ರೆ.”

“ಬರದೆ ಇದ್ರೆ ಕೂತಿರಿ. ನಾನೂ ಕೂತಿಲ್ವಾ? ಸೊಸೆ ಪರೀಕ್ಷೆ ದೊಡ್ಡದಾ, ನಿಮ್ಮ ನಿದ್ದೆ ದೊಡ್ಡದಾ?”

“ಮೂರು ದಿನದಿಂದ ಅವಳನ್ನ ಕಳ್ಳಿ ಥರ ಬೈದೋರು ನೀವು. ನಾನಲ್ಲ.”

ಮುದುಕಿ ಇನ್ನೊಂದು ಕುರ್ಚಿ ತಂದಳು. ಐಸ್ ನೀರಿನ ಫ್ಲಾಸ್ಕನ್ನೂ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಚಹಾ ಹೀರುವ ಕೊಂಬಿನ ಲೋಟವನ್ನೂ ನಡುವೆ ಇಟ್ಟಳು. ಸೆಕೆಗೆ ಗೋಡೆಯೇ ಬೆವರುತ್ತಿತ್ತು. ಒಬ್ಬರು ಹೀರಿ ಇನ್ನೊಬ್ಬರಿಗೆ ದಾಟಿಸುತ್ತ, ಸ್ವಿಚ್ಚಿನ ಕೆಳಗೆ ಇಬ್ಬರೂ ಕಾವಲು ಕೂತರು. ಒಂದು ಗಂಟೆಗೆ ಶೇಕಡಾ ನಲವತ್ತು. ಎರಡಕ್ಕೂ ನಲವತ್ತೇ.

“ನಿಂತು ಹೋಯ್ತು,” ಎಂದಳು ಞಾ ಪೆತ್ರೋನಾ.

“ನಿಂತಿಲ್ಲ. ಆ ಕೆಂಪು ದೀಪ ಮಿಣುಕ್ತಿದೆ ನೋಡಿ. ವಯಸ್ಸಾಗಿದೆ ಅದಕ್ಕೆ, ಉಸಿರು ಎಳ್ಕೊಳ್ತಿದೆ.”

“ವಯಸ್ಸಾದೋರನ್ನ ಈ ಹೊತ್ತಲ್ಲಿ ಮಲಗೋಕೆ ಬಿಡಬೇಕು.”

ಮೂರೂವರೆಗೆ ಯಂತ್ರ ತಾನಾಗಿ ಆರಿ, ಹೊತ್ತಿ, ಮತ್ತೆ ಆರಿತು. ನಾಲ್ಕು ಹತ್ತಕ್ಕೆ ಎಂದಿನ ನೀಲಿ ಪರದೆ ಬಂತು. ಈ ಸಲ ಹಿಂತೆಗೆಯುವ ಮಾತಿರಲಿಲ್ಲ. ನಿನ್ಫಾ ಕಣ್ಣುಜ್ಜಿಕೊಳ್ಳುತ್ತ ಬಂದು ಪರೀಕ್ಷೆಯ ಪ್ರೋಗ್ರಾಂ ಒತ್ತಿದಳು. ಅವಳ ಹೆಸರು, ಗುರುತಿನ ಸಂಖ್ಯೆ, ಶನಿವಾರ ಎಂಟು ಗಂಟೆ, ಎಲ್ಲ ಬಂದು ನಿಂತವು. ಅವಳು ಅದನ್ನು ಎರಡು ಸಲ ಓದಿದಳು.

“ಏನಾಗಿತ್ತು ಪ್ರೊಫೆ?”

ಒಬ್ದುಲಿಯಾ ಚೀಲಕ್ಕೆ ಸ್ಕ್ರೂಡ್ರೈವರ್ ತುಂಬುತ್ತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಯಾವ ವಿದ್ಯಾರ್ಥಿನಿಗೂ ಅವಳು ಹೇಳದ ಮಾತೊಂದಿತ್ತು. ಅದನ್ನು ಹೇಳುವಾಗಲೂ ಮುಖ ಗಂಟಿಕ್ಕಿಯೇ ಇತ್ತು.

“ನೀನು ಮುಟ್ಟಿರಲಿಲ್ಲ. ದಿನಾ ಹನ್ನೆರಡಕ್ಕೆ ಮೇನ್ ಸ್ವಿಚ್ ಇಳಿಸ್ತಿದ್ದುದಕ್ಕೆ ಆರ್ತಿತ್ತು. ನಾನು ಹೇಳಿದ್ದು ತಪ್ಪು.” ಆಮೇಲೆ, “ಕಾಲು ಗಂಟೆ ಮುಂಚೆ ಕೂರು. ಮೊದಲು ಪ್ರಶ್ನೆ ಪೂರ್ತಿ ಓದು, ಆಮೇಲೆ ಬರಿ.”

“ಶನಿವಾರ ಹನ್ನೆರಡರ ತನಕ ಇದೆಯಂತೆ ಪರೀಕ್ಷೆ,” ಎಂದಳು ನಿನ್ಫಾ, ಅತ್ತೆಯ ಕಡೆ ನೋಡಿ.

“ಹನ್ನೆರಡೂವರೆಗೆ ಇಳಿಸ್ತೀನಿ,” ಎಂದಳು ಞಾ ಪೆತ್ರೋನಾ. “ಅದಕ್ಕಿಂತ ಒಂದು ನಿಮಿಷ ಜಾಸ್ತಿ ಇಲ್ಲ.”